ಕಲ್ಮೇಶ ಮಾಸ್ತರರ ಬಿಳಿ ವಿಮಾನ

"ಈ ಬಿಳಿ ತಪ್ಪು."

ಮೊಬೈಲಿನಲ್ಲಿ, ಅವರು ಹಾಕಿದ್ದ ಪುಟ್ಟ ವಿಮಾನದ ಫೋಟೋ ಕೆಳಗೆ ಇಷ್ಟೇ ಇತ್ತು. ಕಲ್ಮೇಶ ಮಾಸ್ತರರ ಕೈಯ ಚಹಾ ಆರಿಹೋಯಿತು.

ಸವದತ್ತಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಚಿತ್ರಕಲೆ ಕಲಿಸುತ್ತ, ಬಿಡುವಿನಲ್ಲಿ ಮೊಳದುದ್ದದ ಪುಟ್ಟ ವಿಮಾನಗಳನ್ನು ಜೋಡಿಸಿ ಬಣ್ಣ ಬಳಿಯುವ ಕಲ್ಮೇಶರಿಗೆ, ಬಣ್ಣದಲ್ಲಿ ಯಾರೂ ತಪ್ಪು ತೋರಿಸಿರಲಿಲ್ಲ. ತೋರಿಸುವಷ್ಟು ಹೊತ್ತು ಯಾರೂ ನೋಡಿರಲಿಲ್ಲ ಎಂಬುದು ಬೇರೆ ಮಾತು. ಅವರು ಜೀವನದಲ್ಲಿ ವಿಮಾನ ಹತ್ತಿರಲಿಲ್ಲ. ಅದರಿಂದ ಅವರ ಆತ್ಮವಿಶ್ವಾಸಕ್ಕೇನೂ ಧಕ್ಕೆಯಾಗಿರಲಿಲ್ಲ.

ಒಮ್ಮೆ ಮಾತ್ರ ಹೆಂಡತಿ ಶೈಲಜಾ ಕೋಣೆಯ ಬಾಗಿಲಲ್ಲಿ ನಿಂತು, "ರೀ, ಈ ಬಣ್ಣ ಯಾಕೋ..." ಎಂದು ಶುರು ಮಾಡಿದ್ದಳು.

"ನೀ ಮ್ಯಾಚಿಂಗ್ ಸೆಂಟರ್ ಅಂಗಡ್ಯಾಗ ಸೀರಿಗೆ ಒಪ್ಪೂ ಜಂಪರ ಪೀಸ್ ಹರಕೊಂತ ಕುಂದ್ರಾಕಿ. ಇದು ವಿಮಾನ!"

ಆಕೆ ಮತ್ತೆ ಆ ವಿಷಯಕ್ಕೆ ಬಾಯಿ ಹಾಕಲಿಲ್ಲ. ಕಸ ಹೊಡೆಯಲಷ್ಟೇ ಆ ಕೋಣೆಗೆ ಬರುತ್ತಿದ್ದಳು. ಸಂಸಾರದಲ್ಲಿ ಶಾಂತಿಯಿತ್ತು, ಮಾತಾಡುವವರು ಒಬ್ಬರೇ ಇದ್ದರೆ ಇದ್ದೇ ಇರುತ್ತದೆ.

ಈಗ ಹುಬ್ಬಳ್ಳಿಯ ಪುಟ್ಟ ವಿಮಾನಗಳ ಸ್ಪರ್ಧಾ ಪ್ರದರ್ಶನಕ್ಕೆ ಒಂದೇ ತಿಂಗಳು. ಈ ಹೊತ್ತಿನಲ್ಲಿ ಹವ್ಯಾಸಿಗಳ ಫೇಸ್‌ಬುಕ್ ಗುಂಪಿನಲ್ಲಿ 'ಹದ್ದಿನ ಕಣ್ಣು' ಎಂಬ ಮುಖವಿಲ್ಲದ ಖಾತೆ! ಊರು ಎಂಬಲ್ಲಿ 'ಬೆಳಗಾವಿ ಜಿಲ್ಲೆ' ಎಂದಷ್ಟೇ ಇತ್ತು.

ಹದ್ದು ಮತ್ತೆ ಬರೆಯಿತು: "ಇದು ಕೆನೆಯ ಬಿಳಿ. ಬೇಕಾದದ್ದು ನೀಲಿ ಹಾಕಿ ಒಗೆದ ಬಿಳಿ. ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಬಿಸಿಲಿಗೆ ಹಿಡಿಯಿರಿ."

ಕಲ್ಮೇಶ ನಕ್ಕರು. ಆಮೇಲೆ ಯಾರಿಗೂ ಕಾಣದಂತೆ ಮಾಳಿಗೆ ಹತ್ತಿ ಬಿಸಿಲಿಗೆ ಹಿಡಿದರು. ನಗು ನಿಂತಿತು.

ಮುಂದಿನದು ವಿಮಾನವನ್ನು ಹಳತು ಮಾಡುವ ಕೆಲಸ. ಹತ್ತು ವರ್ಷ ಹಾರಿದಂತೆ ಕಾಣಲು ಹೊಸ ಬಣ್ಣದ ಮೇಲೆ ಹದವಾಗಿ ಹೊಲಸು ಬಳಿಯಬೇಕು. ಬಳಿದು ಫೋಟೋ ಹಾಕಿದರು.

"ಹೊಟ್ಟೆಯ ಕೆಳಗಿನ ಮಸಿ ಅಡ್ಡ ಹರಿದಿದೆ. ವಿಮಾನ ಮುಂದೆ ಹೋದರೆ ಮಸಿ ಹಿಂದಕ್ಕೆ ಹರಿಯಬೇಡವೇ?"

ಫೋಟೋದಲ್ಲಿ ಹೊಟ್ಟೆ ಕಾಣುತ್ತಲೇ ಇರಲಿಲ್ಲ. ಕಲ್ಮೇಶರ ಮೈ ಝುಮ್ಮೆಂದಿತು. ನೋಡದೆಯೇ ಹೇಳುತ್ತಾನೆಂದರೆ ಆಯುಷ್ಯವಿಡೀ ವಿಮಾನದ ಕೆಳಗೇ ಕಳೆದವನಿರಬೇಕು! ಅಂಥವರು ಅವರಿಗೆ ಗೊತ್ತಿದ್ದದ್ದು ಒಬ್ಬರೇ: ವಾಯುಪಡೆಯಿಂದ ನಿವೃತ್ತರಾಗಿ ಸಾಲಹಳ್ಳಿಯಲ್ಲಿದ್ದ ನಿಜಗುಣಪ್ಪ. ರವಿವಾರವೇ ಹಣ್ಣು ಕಟ್ಟಿಸಿಕೊಂಡು ಬಸ್ಸು ಹತ್ತಿದರು.

"ಹದ್ದು ನೀವ ಹೌದಲ್ರಿ?"

"ಯಾವ ಹದ್ದು, ಮಾಸ್ತರ?" ನಿಜಗುಣಪ್ಪ ಕಣ್ಣು ಕಿರಿದು ಮಾಡಿದ. "ಏರ್‌ಫೋರ್ಸಿನಾಗ ನಾ ಅಡಗಿ ಮಾಡಾಂವ ಇದ್ನಿ. ಈಗ ಎರಡೂ ಕಣ್ಣಿಗೆ ಪರಿ ಬಂದೈತಿ. ನೀವು ಕರ್ರಗದೀರೋ ಬೆಳ್ಳಗದೀರೋ ಅದೂ ಕಾಣವಲ್ದು."

ಇಷ್ಟು ದೊಡ್ಡವರಿಗೆ ಇಷ್ಟೊಂದು ವಿನಯ! ಕಲ್ಮೇಶ ಕಾಲು ಮುಟ್ಟಿದರು. ಮುದುಕ ಗಾಬರಿಯಾಗಿ ಕಾಲು ಎಳೆದುಕೊಂಡ. ಆಮೇಲೆ ಇನ್ನೂ ಎರಡು ರವಿವಾರ ಎಳೆದುಕೊಳ್ಳಬೇಕಾಯಿತು.

ಹದ್ದು ಹೇಳಿದ್ದನ್ನೆಲ್ಲ ಕಲ್ಮೇಶ ಮಾಡಿದರು. ಬಾಲದ ಕೆಂಪನ್ನು ನಾಲ್ಕು ಸಲ ಕೆರೆದು ಐದನೆಯ ಸಲ ಬಳಿದರು. ಹುಬ್ಬಳ್ಳಿಯಲ್ಲಿ ಮೊದಲ ಬಹುಮಾನ ಬಂತು.

"ಈ ಬಿಳಿ ಹೆಂಗ ಹಿಡದ್ರಿ?" ತೀರ್ಪುಗಾರರು ವೇದಿಕೆಯ ಮೇಲೆ ಕೇಳಿದರು.

"ನಂದಽ ಕಣ್ಣರಿ. ಇಪ್ಪತ್ತೆರಡು ವರ್ಷದ ಸಾಧನಾ," ಎಂದರು ಕಲ್ಮೇಶ. ಚಪ್ಪಾಳೆ ಬಿತ್ತು.

ಬಸ್ಸು ಧಾರವಾಡ ದಾಟುವ ಹೊತ್ತಿಗೆ ಆ ಮಾತು ಅವರನ್ನೇ ಚುಚ್ಚುತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ವಿಮಾನವನ್ನು ಮೇಜಿನ ಮೇಲಿಟ್ಟು ಹದ್ದಿಗೆ ಬರೆದರು: "ಗುರುಗಳೇ, ಬಹುಮಾನ ನಿಮ್ಮದು. ಎಲ್ಲರೆದುರು ನನ್ನದೆಂದೆ. ತಪ್ಪಾಯಿತು. ನಾಳೆ ಸಾಲಹಳ್ಳಿಗೆ ಬಂದು ಶಾಲು ಹೊದಿಸಿ, ನಿಮ್ಮ ಪಾದದ ಮೇಲೆ ತಲೆಯಿಡುತ್ತೇನೆ."

'ತಪ್ಪಾಯಿತು' ಎಂಬ ಪದವನ್ನು ಅವರು ಬರೆದದ್ದು ಅದೇ ಮೊದಲು.

ಉತ್ತರ ಕೂಡಲೇ ಬಂತು.

"ಸಾಲಹಳ್ಳಿಗೆ ಹೋಗಬ್ಯಾಡ್ರಿ, ಪಾಪ, ಆ ಮುದುಕನ ಜೀವಾ ತಿಂದದ್ದು ಸಾಕು. ಶಾಲೂ ಬ್ಯಾಡ. ಇವತ್ತ ಅಂಗಡಿ ಮುಚ್ಚೂದು ತಡ ಆಕ್ಕೈತಿ, ಫ್ರಿಜ್ಜಿನಾಗ ಹಿಟ್ಟೈತಿ, ನಾಕು ಚಪಾತಿ ಲಟ್ಟಿಸಿ ಇಡ್ರಿ."