ನಾಲ್ಕು ಸ್ಕ್ರೂ

"ನಾಳೆ ಬನ್ನಿ, ನಾಳೆ ಬನ್ನಿ ಅಂತ ಮೂರು ದಿನ ಆಯ್ತು ಮೇಡಂ. ನಾಳೆ ಎಂದವನ ಮನೆ ಹಾಳು. ಸ್ವಲ್ಪ ಸರೀರಿ, ನಾನೇ ನೋಡ್ತೀನಿ," ಎಂದವನೇ ಕಂಪ್ಯೂಟರ್ ರಿಪೇರಿಯವನು ಲ್ಯಾಬಿನ ಕೌಂಟರಿನ ಚಿಕ್ಕ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿಯೇಬಿಟ್ಟ.

ಅವನನ್ನು ಯಾರೂ ರಿಪೇರಿಗೆ ಕರೆದಿರಲಿಲ್ಲ. ಹೆಂಡತಿಯ ಕತ್ತಿನಲ್ಲಿ ಎದ್ದಿದ್ದ ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕೊಟ್ಟು ಹತ್ತು ದಿನವಾಗಿತ್ತು. ಒಳ್ಳೆಯ ಗಂಟಾದರೆ ಮಾತ್ರೆಯಲ್ಲೇ ಕರಗುತ್ತದೆ, ಅಲ್ಲದಿದ್ದರೆ ಮುಂದಿನದು ಆಮೇಲೆ ಮಾತಾಡೋಣ ಎಂದಿದ್ದರು ಡಾಕ್ಟರು. ರಿಪೋರ್ಟೇನೋ ಮೇಲಿನ ಮಹಡಿಯಿಂದ ಕೌಂಟರಿನ ಕಂಪ್ಯೂಟರಿಗೆ ಬಂದು ಕೂತಿತ್ತು. ಆದರೆ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇ ಹಾಕಿದ್ದು, ಗರ ಬಡಿದಂತಾಗಿತ್ತು. ಒಂದು ಫೈಲು ತೆರೆಯಲು ಮುಕ್ಕಾಲು ಗಂಟೆ; ಅಷ್ಟರಲ್ಲಿ ಪರದೆಯೇ ಆರಿಹೋಗುತ್ತಿತ್ತು.

ಊಟದ ಹೊತ್ತು. ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಹೆಂಡತಿಯೊಬ್ಬಳೇ ಕೂತಿದ್ದಳು, ಕತ್ತಿಗೆ ಸೆರಗು ಸುತ್ತಿಕೊಂಡು.

"ರೀ, ಪಾಪ, ಅದಕ್ಕೂ ಸುಸ್ತಾಗಿರುತ್ತೆ. ನಾಳೆನೇ ಬಂದ್ರಾಯ್ತು ಬಿಡಿ."

"ನನ್ನ ಕೈ ಮುಟ್ಟಿದ ಮೇಲೂ ಕುಂಟಿದ ಮಷೀನು ಯಾವುದಾದ್ರೂ ನೋಡಿದ್ದೀಯಾ?"

"ನೋಡಿದ್ದೀನಿ. ಆರು ತಿಂಗಳಿಂದ ಅಟ್ಟದ ಮೇಲಿದೆಯಲ್ಲ, ನಮ್ಮನೆ ಮಿಕ್ಸಿ."

ಕೌಂಟರಿನವಳು ಕಿಸಕ್ಕನೆ ನಕ್ಕಳು. ಅವನು ಸೋತವನಂತೆ ಕೈಮುಗಿದು, ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಾಲ್ಕು ಸ್ಕ್ರೂ ಬಿಚ್ಚಿ ಕಂಪ್ಯೂಟರಿನ ಮಗ್ಗುಲ ಮುಚ್ಚಳ ತೆಗೆದ. ಬಾಚಣಿಗೆಗೆ ಸಿಕ್ಕ ಕೂದಲಿನಂತೆ ಧೂಳು ಫ್ಯಾನಿಗೆ ಸುತ್ತಿಕೊಂಡಿತ್ತು. ಬ್ರಶ್ಶಿನಿಂದ ಅದನ್ನು ಕೆರೆದು, ತನ್ನ ಬಳಿ ಇದ್ದ ರ‍್ಯಾಮ್ ಒಂದನ್ನು ಖಾಲಿ ಜಾಗಕ್ಕೆ ಸಿಕ್ಕಿಸಿದ. "ಹೊಸ ಸಿಸ್ಟಮ್ ಹೊಟ್ಟೆಬಾಕ ಮೇಡಂ. ಈ ಹಳೇ ಜೀವ ಅದಕ್ಕೆ ಎಲ್ಲಿಂದ ತಂದು ಹಾಕುತ್ತೆ?" ಎಂದ. ಮುಚ್ಚಳ ಹಾಕಿ, ನಾಲ್ಕೂ ಸ್ಕ್ರೂ ಬಿಗಿದು, ಕುರ್ಚಿಗೆ ಏರಿದ. ಕಂಪ್ಯೂಟರು ಹಚ್ಚಿ ಒಳಗೆ ನೋಡಿದರೆ ಒಂದೇ ಒರೆಯಲ್ಲಿ ಎರಡು ಕತ್ತಿಯ ಹಾಗೆ ಎರಡು ಆಂಟಿವೈರಸ್ಸು! ಕರೆಯದೆ ಎದ್ದು ಕೂರುವ ಪ್ರೋಗ್ರಾಮುಗಳು ಬೇರೆ ಹದಿನೇಳು. ಒಂದೊಂದನ್ನೇ ಹುಡುಕಿ ಮಲಗಿಸಿದ. ಕೈ ಆಡುತ್ತಿದ್ದಷ್ಟು ಹೊತ್ತು ಎದೆಯೊಳಗಿನ ಭಯ ತೆಪ್ಪಗಿತ್ತು. ನಿಜ ಹೇಳಬೇಕೆಂದರೆ ಹತ್ತು ದಿನದಲ್ಲಿ ಅವನು ನೆಮ್ಮದಿಯಾಗಿ ಉಸಿರಾಡಿದ್ದು ಆ ಒಂದು ಗಂಟೆ ಮಾತ್ರ.

ಕೊನೆಗೆ ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದ. ಇಪ್ಪತ್ತು ಎಣಿಸುವಷ್ಟರಲ್ಲಿ ಪರದೆ ಸಿದ್ಧವಾಗಿ ನಿಂತಿತು.

ಕೆಲಸ ಮುಗಿದ ಮೇಲೆ ಗಿರಾಕಿಗೆ ಕುರ್ಚಿ ಬಿಟ್ಟುಕೊಟ್ಟು ಪರದೆಯ ಹಿಂಬದಿಗೆ ಹೋಗಿ ನಿಲ್ಲುವುದು ಅವನ ಪದ್ಧತಿ. ಕೆಲಸ ಕಲಿಸಿದ ಗುರು ಹೇಳಿಕೊಟ್ಟದ್ದು: ಮಷೀನು ಸರಿಹೋಯಿತೋ ಇಲ್ಲವೋ ಎಂದು ಪರದೆ ನೋಡಿ ಹೇಳಬೇಡ, ಗಿರಾಕಿಯ ಮುಖ ನೋಡಿ ಹೇಳು. ಇಪ್ಪತ್ತು ವರ್ಷದಲ್ಲಿ ಆ ಮಾತು ಒಮ್ಮೆಯೂ ಹುಸಿಹೋಗಿರಲಿಲ್ಲ. ಇವತ್ತೂ ಹಾಗೆಯೇ ಹಿಂದೆ ಹೋಗಿ ಕೈಕಟ್ಟಿ ನಿಂತ.

"ಯಾರದ್ದು ತೆಗೀಲಿ?"

"ನಮ್ಮದೇ ತೆಗೀರಿ ಮೇಡಂ."

ಕೌಂಟರಿನವಳು ಮೌಸ್ ಒತ್ತಿದಳು. "ಅಬ್ಬಾ!" ಎಂದು ಅವಳ ಹುಬ್ಬು ಮೇಲೇರಿತು, ಮುಖ ಅರಳಿತು. ಸರಿಹೋಯಿತು ಎಂದುಕೊಂಡ ಅವನು. ಅವಳ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಾ ಹೋಯಿತು. ಹದಿನಾಲ್ಕು ವರ್ಷದಿಂದ ಇಂಥ ಕಾಗದಗಳನ್ನೇ ಅಚ್ಚು ಹಾಕಿ ಕೊಟ್ಟವಳು. ಯಾವ ಸಾಲಿನಲ್ಲಿ ಏನಿರುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೆಳಗಿನದೊಂದು ಸಾಲಿಗೆ ಬಂದ ಕಣ್ಣು ಅಲ್ಲೇ ನಿಂತಿತು. ಅರಳಿದ ಮುಖ ಹಾಗೆಯೇ ಬಾಡಿತು.

ಅವಳು ಅವನತ್ತ ನೋಡಿದಳು. ಅವನ ಹೆಗಲಾಚೆ ಬೆಂಚಿನ ಕಡೆಗೂ ಒಮ್ಮೆ ನೋಡಿದಳು.

"ಇನ್ನೂ... ಇನ್ನೂ ಸ್ವಲ್ಪ ಸ್ಲೋನೇ ಇದೆ ಅನ್ಸುತ್ತೆ ಸರ್," ಎಂದಳು. ದನಿ ಸಣ್ಣದಾಗಿತ್ತು.

ತಾನು ಕೈಯಾರೆ ಸರಿಮಾಡಿದ ಯಂತ್ರ. ಅದು ಸ್ಲೋ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ನಾಳೆ ಬನ್ನಿ ಎಂದಾಗ ಸುಮ್ಮನೆ ಹೊರಟುಹೋಗಿದ್ದರೆ ಹೆಂಡತಿಗೆ ಇನ್ನೂ ಒಂದು ದಿನ ಸಿಗುತ್ತಿತ್ತು. ತಾನೇ ನುಗ್ಗಿ ಬಂದು, ತಾನೇ ಬೇಗ ಮಾಡಿಕೊಟ್ಟಿದ್ದ.

"ಏನಾಯ್ತು ರೀ? ಬಂತಾ?" ಹೆಂಡತಿ ಬೆಂಚಿನಿಂದ ಕೂಗಿದಳು.

"ಇಲ್ಲ ಕಣೆ. ಇನ್ನೂ ಸ್ಲೋ ಇದೆ. ಒಂದೈದು ನಿಮಿಷ."

"ಆಯ್ತು, ಮಿಕ್ಸಿಗೆ ಒಂದು ಜೊತೆ ಸಿಕ್ತು ಬಿಡಿ," ಎಂದು ಅವಳು ನಕ್ಕಳು.

ಅವನೂ ನಕ್ಕ. ಆಮೇಲೆ ಮತ್ತೆ ನೆಲದ ಮೇಲೆ ಕೂತು, ಅವಳಿಗೆ ಮುಖ ಕಾಣದಂತೆ ಬಗ್ಗಿ, ಆಗತಾನೇ ಬಿಗಿದಿದ್ದ ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ, ಬಹಳ ನಿಧಾನವಾಗಿ, ಬಿಚ್ಚತೊಡಗಿದ.