ಫ್ರೇಮಿಗೆ ಅಡ್ಡ

“ಅತ್ತೆ, ನೀವು ಸ್ವಲ್ಪ ಆಚೆ ನಿಲ್ಲಿ. ಫ್ರೇಮಿಗೆ ಅಡ್ಡ ಬರ್ತೀರಿ” ಎಂದ ತರುಣ್, ಮೊಬೈಲಿನಿಂದ ಕಣ್ಣು ತೆಗೆಯದೆ.

ಪ್ರೇಮಾವತಿ ಆಚೆ ಸರಿದಳು. ಎರಡೂ ಹೆಗಲಿನಲ್ಲಿ ಎಲ್ಲರ ಬ್ಯಾಗುಗಳು, ಕೈಯಲ್ಲಿ ತಿಂಡಿಯ ಚೀಲ, ಕಂಕುಳಲ್ಲಿ ಕೊಡೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಅಂಗಳದಲ್ಲಿ ತಮ್ಮ ವಸಂತನ ಸಂಸಾರ, ಅವನ ಹೆಂಡತಿಯ ಕಡೆಯವರು ಎಲ್ಲ ಸಾಲಾಗಿ ನಿಂತಿದ್ದರು. ಒಬ್ಬರೂ ಬಿಡದೆ ಕೆನೆಬಣ್ಣದ ಬಟ್ಟೆ. ಅದು ‘ಡ್ರೆಸ್ ಕೋಡ್’ ಅಂತೆ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದರಂತೆ. ಪ್ರೇಮಾವತಿಯ ಬಟನ್ ಫೋನಿಗೆ ಗ್ರೂಪು ಬರುವುದಿಲ್ಲ, ಬಂದು ಹೇಳುವ ಬಾಯಿ ಒಂದೂ ಇರಲಿಲ್ಲ. ಅವಳು ಪೆಟ್ಟಿಗೆಯ ತಳದಿಂದ ಹಸಿರು ರೇಷ್ಮೆ ತೆಗೆದು ಉಟ್ಟಿದ್ದಳು. ಯಾಕೆಂದರೆ ವಸಂತನೇ ಹೇಳಿದ್ದ: ಹೊಸ ಮನೆಯ ಪ್ರವೇಶದ ಹೊತ್ತಿಗೆ ಹಾಲ್‌ನ ಗೋಡೆಯಲ್ಲಿ ಹಾಕಲಿಕ್ಕೆ ಮನೆಯವರದ್ದೆಲ್ಲ ಒಂದು ದೊಡ್ಡ ಫೋಟೋ ಬೇಕು. ಮನೆಯವರೆಲ್ಲ ಎಂದರೆ ತಾನೂ ಬಂದ ಹಾಗಾಯಿತಲ್ಲ ಎಂದುಕೊಂಡಿದ್ದಳು ಪಾಪ.

ವಸಂತನ ಮಗ ತರುಣ್ ಫೋಟೋ ತೆಗೆಯುವುದನ್ನು ಯೂಟ್ಯೂಬ್ ನೋಡಿ ಕಲಿತವನು. ಉದ್ದದವರು ಹಿಂದೆ, ಗಿಡ್ಡದವರು ಮುಂದೆ, ಕೈ ಹೀಗೆ, ಗಲ್ಲ ಹಾಗೆ ಎಂದು ಎಲ್ಲರನ್ನೂ ಬಿಸಿಲಲ್ಲಿ ಬೇಯಿಸಿದ. ಮೊಬೈಲನ್ನು ಕೋಲಿಗೆ ಸಿಕ್ಕಿಸಿ, ಟೈಮರ್ ಇಟ್ಟು, ತಾನೂ ಓಡಿಹೋಗಿ ನಿಂತ. ಆಗ ವಿಸ್ಮಿತಾ, ಅವನ ತಂಗಿ, “ಅತ್ತೆ, ನೀವೆಂತ ಅಲ್ಲಿ? ಬನ್ನಿ” ಎಂದು ಪ್ರೇಮಾವತಿಯನ್ನು ಸೆರಗು ಹಿಡಿದು ಎಳೆದಳು. ತಾಯಿ ಶಾಲೆಗೆ ಪಾಠ ಮಾಡಲು ಹೋದಾಗಲೆಲ್ಲ ಈ ಅತ್ತೆಯ ಸೊಂಟದಲ್ಲೇ ಬೆಳೆದ ಹುಡುಗಿ. ಪ್ರೇಮಾವತಿ ಬ್ಯಾಗುಗಳ ಸಮೇತ ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಳು. ಫೋಟೋಗೆ ನಗಬೇಕೆಂದು ಯಾರೂ ಹೇಳಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆಲ್ಲ ತರುಣನ ಸುತ್ತ ಜನ ಮುತ್ತಿತು. “ಬೆಂಕಿ ಫೋಟೋ ಮಾರಾಯ!” ಎಂದರು. “ಎಡಿಟಿಂಗಲ್ಲಿ ಉಂಟು ಮಜಾ” ಎಂದು ಅವನು ಬೀಗಿದ. “ಬೆರಳಲ್ಲಿ ಒಂದು ಸುತ್ತು ಹಾಕಿದ್ರೆ ಸಾಕು, ಬೇಡದ್ದೆಲ್ಲ ಮಾಯ.” ಪ್ರೇಮಾವತಿ ಬ್ಯಾಗುಗಳನ್ನೆಲ್ಲ ಕಲ್ಲಿನ ಕಟ್ಟೆಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ತಾನು ನಿಂತಲ್ಲಿ ಬರೀ ಬಸದಿಯ ಗೋಡೆ.

“ನಾನೆಲ್ಲಿ ತರುಣ್?”

“ಅದು ಅತ್ತೆ... ಹಸಿರು ಸೀರೆ ಮ್ಯಾಚ್ ಆಗ್ಲಿಲ್ಲ. ಬ್ಯಾಗ್ ಬೇರೆ ನೇತಾಡ್ತಿತ್ತು. ನಿಮ್ಮದು ಬೇರೆ ಒಂದು ತೆಗಿತೇನೆ, ಆಯ್ತಾ?”

“ಒಂದು ಫೋಟೋ ಅಲ್ವಾ ಅಕ್ಕ, ಅದಕ್ಕೆಲ್ಲ ಯಾರು ಬೇಜಾರು ಮಾಡ್ತಾರೆ?” ಎಂದು ವಸಂತ ನಕ್ಕ.

ಪ್ರೇಮಾವತಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸಕ್ಕೆ ಕರೆಯಬೇಡಿ, ಊಟಕ್ಕೆ ಮರೆಯಬೇಡಿ ಎಂದು ಸೋಮಾರಿಗಳು ಹೇಳುತ್ತಾರಂತೆ. ಈ ಮನೆಯಲ್ಲಿ ಅವಳ ಪಾಲಿಗೆ ಗಾದೆಯೇ ತಲೆಕೆಳಗು. ಬೆಳಿಗ್ಗೆ ಇವರೆಲ್ಲ ಗೊರಕೆ ಹೊಡೆಯುವಾಗ ಎದ್ದು ಅಕ್ಕಿತರಿಯ ಉಂಡೆ ಕಟ್ಟಿ ಪುಂಡಿ ಬೇಯಿಸಿ, ಚಟ್ನಿ ಕಡೆದು ಕಟ್ಟಿಕೊಂಡು ಬಂದವಳು ಅವಳು. ಆ ಪುಂಡಿ ತಿನ್ನುವಾಗ ಯಾರಿಗೂ ಮ್ಯಾಚಿಂಗ್ ನೆನಪಾಗಿರಲಿಲ್ಲ. ಬೇಡದ್ದೆಲ್ಲ ಮಾಯವಂತೆ! ಅವಳು ಕಟ್ಟೆಯ ಮೇಲಿಂದ ತನ್ನ ಕೊಡೆಯೊಂದನ್ನೇ ಎತ್ತಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ವ್ಯಾನಿನಲ್ಲಿ ಕುಳಿತಳು. ಉಳಿದವರು ಮೊಬೈಲಿನೊಳಗೆ ತಲೆ ಹುಗಿದುಕೊಂಡೇ ಬಂದು ಹತ್ತಿದರು.

ದಾರಿಯಲ್ಲಿ ಸಿದ್ಧಕಟ್ಟೆ ಊರು ಹತ್ತಿರವಾಗುವಾಗ ವಸಂತ ಹಿಂದಕ್ಕೆ ಕೈ ಚಾಚಿದ. “ಅಕ್ಕ, ನನ್ನ ಬ್ಯಾಗ್ ಕೊಡು. ಬಿಪಿ ಮಾತ್ರೆ ತಗೊಳ್ಲಿಕ್ಕುಂಟು.”

“ಯಾವ ಬ್ಯಾಗ್?”

ವ್ಯಾನಿನಲ್ಲಿ ಒಮ್ಮೆಲೇ ಗಲಾಟೆ ಎದ್ದಿತು. ಒಬ್ಬರಿಗೆ ಪರ್ಸು, ಒಬ್ಬರಿಗೆ ಮನೆಯ ಬೀಗದ ಕೈ. ಎಲ್ಲವೂ ಬಸದಿಯ ಕಟ್ಟೆಯ ಮೇಲೆ. ತರುಣ್ ಸೀಟಿನಿಂದ ಎದ್ದೇ ನಿಂತ. “ನಿಮಗೆ ತಲೆ ಸರಿ ಉಂಟಾ ಅತ್ತೆ? ನನ್ನ ಲ್ಯಾಪ್‌ಟಾಪ್ ಇತ್ತು ಅದ್ರಲ್ಲಿ! ಬ್ಯಾಗ್ ನೋಡ್ಕೊಳ್ಲಿಕ್ಕೆ ನೀವು ಇದ್ರಲ್ಲ ಅಲ್ಲಿ?”

“ನಾನು ಇದ್ದೆನಾ?” ಪ್ರೇಮಾವತಿಯ ಸ್ವರಕ್ಕೆ ಡ್ರೈವರನೂ ತಿರುಗಿ ನೋಡಿದ. “ಯಾರು ಹೇಳಿದ್ದು ನಿನಗೆ? ನಿನ್ನ ಫೋಟೋ ತೆಗೆದು ನೋಡು ಮಾರಾಯ. ಬ್ಯಾಗ್ ಹಿಡ್ಕೊಂಡವಳು ಅಂತ ಒಬ್ಬಳು ಉಂಟಾ ಅದ್ರಲ್ಲಿ? ಬೇಡದ್ದನ್ನು ನೀನೇ ಅಲ್ವಾ ಅಳಿಸಿದ್ದು? ಇನ್ನು ಬೇಕಾದಾಗ ಹುಡುಕ್ಬೇಡ.”

“ಅಕ್ಕ...” ಎಂದು ಶುರು ಮಾಡಿದ ವಸಂತ, ಅವಳ ಮುಖ ನೋಡಿ ಡ್ರೈವರನತ್ತ ತಿರುಗಿ “ಹಿಂದೆ ಹೋಗುವ” ಎಂದ. ಡ್ರೈವರ್ ವ್ಯಾನ್ ತಿರುಗಿಸಿ ಮತ್ತೆ ಮೂಡುಬಿದಿರೆಯ ದಾರಿ ಹಿಡಿದ. ಪ್ರೇಮಾವತಿ ಕೊಡೆಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಳು.

ಹಿಂದಿನ ಸೀಟಿನಲ್ಲಿ ವಿಸ್ಮಿತಾ ತನ್ನ ಮೊಬೈಲಿನಲ್ಲಿ ಆ ಫೋಟೋವನ್ನು ತೆರೆದಳು. ಗ್ರೂಪಿನಲ್ಲಿ ಅದಕ್ಕೆ ಆಗಲೇ ಚಪ್ಪಾಳೆ, ಹೃದಯಗಳ ಮಳೆ. ಅವಳು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದಳು. ಅತ್ತೆ ನಿಂತಿದ್ದ ಕಡೆ ಒಂದು ಗೀರೂ ಇಲ್ಲದ ಕಲ್ಲಿನ ಗೋಡೆ. ಆದರೆ ತರುಣ್ ಒಂದನ್ನು ಅಳಿಸಲು ಮರೆತಿದ್ದ. ವಿಸ್ಮಿತಾಳ ಹೆಗಲ ಮೇಲೆ ನಾಲ್ಕು ಬೆರಳುಗಳು ಹಾಗೆಯೇ ಉಳಿದಿದ್ದವು. ತೋರುಬೆರಳಿನಲ್ಲಿ ಹಲಸಿನಕಾಯಿ ಕೊಯ್ಯುವಾಗ ಕತ್ತಿ ತಾಗಿದ ಹಳೆಯ ಗಾಯದ ಗುರುತು. ಹಿಂದೆ ಮೈಯಿಲ್ಲ, ಮುಖವಿಲ್ಲ; ಕೈ ಮಾತ್ರ ಅವಳ ಹೆಗಲನ್ನು ಬಿಟ್ಟಿರಲಿಲ್ಲ.