ಹಿಮದ ಮೇಲೆ ಅಜ್ಜಿಯ ಬರಿಗಾಲು

ಬೀರುವಿನ ನುಸಿಗುಳಿಗೆ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮನಾಲಿಯಲ್ಲಿ ಬಾಡಿಗೆಗೆ ಪಡೆದು ತೊಟ್ಟ, ಅದೇ ವಾಸನೆಯ ದಪ್ಪ ಕೋಟುಗಳು ನೆನಪಾಗುತ್ತವೆ. ನಮ್ಮೂರು ಯಲ್ದೂರಿನಿಂದ ಮನೆಯವರೆಲ್ಲ ಹಿಮ ನೋಡಲು ಹೋಗಿದ್ದೆವು. ಹಿಮದ ಬೆಟ್ಟ ಕಂಡದ್ದೇ ತಡ, ಅಜ್ಜಿ ಬೂಟು ಕಳಚಿಬಿಟ್ಟಳು.

"ಶಿವ ಇರೋ ಜಾಗ ಕಣೇ, ಬೂಟಲ್ಲಿ ತುಳೀಬಾರ್ದು" ಎಂದು ನನ್ನ ಕೈ ಹಿಡಿದು ಬರಿಗಾಲಲ್ಲಿ ಹತ್ತಿಪ್ಪತ್ತು ಹೆಜ್ಜೆ ನಡೆದಳು. ಆಮೇಲೆ ಕುಸಿದು ಕೂತಳು. ಅವಳ ಪಾದ ಮುಟ್ಟಿ ನೋಡಿದೆ, ಮರಗಟ್ಟಿತ್ತು. ನಾನು ಅಳುತ್ತಾ ಅಪ್ಪನನ್ನು ಕೂಗಿದೆ.

ಓಡಿ ಬಂದ ಅಪ್ಪ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಹಿಮದಲ್ಲೇ ಕೂತು, ಕೋಟು ಬಿಚ್ಚಿ, ಸ್ವೆಟರ್ ಎತ್ತಿ, ಅವಳ ಎರಡೂ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿಕೊಂಡ.

"ಬಿಡೋ, ನಿಂಗೆ ಶೀತ ಆಗುತ್ತೆ" ಎಂದಳು ಅಜ್ಜಿ.

"ಸುಮ್ನಿರಮ್ಮ."

ಅವಳು ಸೆರಗಿನ ತುದಿಯಿಂದ ಅಪ್ಪನ ಸೋರುವ ಮೂಗು ಒರೆಸಿದಳು. ಅಷ್ಟು ಜನರ ಎದುರಿಗೆ ಅಪ್ಪ ಮುಖ ಒಡ್ಡಿ ಒರೆಸಿಸಿಕೊಂಡ.